ಆಟಿಯ ಕಷಾಯವೂ ಆರೋಗ್ಯವಂತರ ಪುಷ್ಟಿದ್ರವ್ಯಗಳೂ

೧

ಸೂರ್ಯನು ಕರ್ಕಾಟಕ ರಾಶಿಯನ್ನು ಪ್ರವೇಶಿಸುವ ಹೊತ್ತಿಗೆ ಪಡುವಣ ಕಡಲಿನಿಂದ ಎದ್ದು ಬಂದ ಮಳೆಯು ತುಳುನಾಡಿನಲ್ಲಿ ತನ್ನ ಪೂರ್ಣಬಲವನ್ನು ತೋರಿಸುತ್ತಿರುವುದು. ಘಟ್ಟದ ಬುಡದ ಕಾರ್ಕಳದಿಂದ ಕಡಲ ತಡಿಯ ಕಾಪುವಿನವರೆಗೆ ಗದ್ದೆ, ತೋಡು, ಬಾವಿ, ಅಂಗಳಗಳೆಲ್ಲ ಒಂದೇ ನೀರಾಗಿ ಕಾಣುವುವು. ಈ ಸೌರಮಾಸಕ್ಕೆ ತುಳುವರು ಆಟಿ ಎಂದು ಹೆಸರಿಟ್ಟಿರುವರು. ಹಿಂದೆ ಒಕ್ಕಲುಮಕ್ಕಳ ಮನೆಗಳಲ್ಲಿ ಸುಗ್ಗಿಯ ಅಕ್ಕಿ ತೀರಿ ಏಣೆಲಿನ ಬೆಳೆ ಇನ್ನೂ ಗದ್ದೆಯಲ್ಲಿರುತ್ತಿದ್ದ ಕಾಲವಿದು. ಕಡಲಿಗಿಳಿಯುವುದು ಬೆಸ್ತರಿಗೆ ಅಸಾಧ್ಯವಾಗಿತ್ತು. ಹೊಟ್ಟೆಗೆ ಕೊರತೆ, ಮೈಗೆ ತಂಡಿ, ಮನೆಯಲ್ಲಿ ಜ್ವರ: ಈ ಮೂರೂ ಒಟ್ಟಿಗೆ ಬರುತ್ತಿದ್ದುದರಿಂದ ಆಟಿಯೆಂದರೆ ಕಷ್ಟಕಾಲವೆಂಬ ಭಾವನೆಯು ಜನಮನಸ್ಸಿನಲ್ಲಿ ಬೇರೂರಿತು.

ಈ ಭಾವನೆಯೇ ಆಚಾರಗಳಾಗಿ ರೂಪುಗೊಂಡಿತು. ತಾಳೆಯೋಲೆಯ ಕೊಡೆ ಹಿಡಿದು, ಕಾಲಿಗೆ ಗಗ್ಗರ ಕಟ್ಟಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು ಮನೆಯಿಂದ ಮನೆಗೆ ಬರುವ ಆಟಿ ಕಳೆಂಜನು ಊರಿಗೆ ಬಂದ ಮಾರಿಯನ್ನು ಕಳೆಯುವವನೆಂದು ಪ್ರತೀತಿ. ಮನೆಯವರು ಅವನಿಗೆ ಅಕ್ಕಿ, ತೆಂಗಿನಕಾಯಿ, ಉಪ್ಪು ಮೊದಲಾದುವುಗಳನ್ನು ಕೊಟ್ಟು ಕಳುಹಿಸುವರು. ಕಾಪುವಿನ ಮಾರಿಗುಡಿಗಳಲ್ಲಾದರೋ ವರ್ಷಕ್ಕೆ ಮೂರು ಬಾರಿ ಮಾರಿಪೂಜೆ ನಡೆಯುವುದು. ಸುಗ್ಗಿಯದೊಂದು, ಆಟಿಯದೊಂದು, ಜಾರ್ದೆಯದೊಂದು. ಬೇಸಗೆ ಏರುವ ಕಾಲ, ಮಳೆ ಬಿಗಿಯುವ ಕಾಲ, ಚಳಿ ತೊಡಗುವ ಕಾಲ ಎಂದು ಇವನ್ನು ಗಣಿಸಿದರೆ, ಋತುಗಳು ಹೊರಳುವಾಗಲೇ ಊರಿಗೆ ರೋಗದ ಭಯವು ಹೆಚ್ಚೆಂಬುದನ್ನು ಪೂರ್ವಿಕರು ಕಂಡುಕೊಂಡಿದ್ದರೆಂದು ಸುಜ್ಞರಾದ ವಾಚಕರು ಸುಲಭವಾಗಿ ಊಹಿಸಬಲ್ಲರು.

ರೋಗ ಬರುವ ಕಾಲವನ್ನು ಅರಿತವರು ರೋಗ ಬಾರದಂತೆ ತಡೆಯುವ ದ್ರವ್ಯವನ್ನು ಹುಡುಕದಿರುವರೇ? ಹಾಲೆಯ ತೊಗಟೆಯ ಕಷಾಯ, ನೆಲ್ಲಿಕಾಯಿಯ ಲೇಹ್ಯ, ಮೀನಿನೆಣ್ಣೆ, ಇಂದಿನ ಔಷಧದಂಗಡಿಗಳ ಬಣ್ಣದ ಗುಳಿಗೆ ಇವೆಲ್ಲವೂ ಒಂದೇ ಆಸೆಯ ನಾನಾ ರೂಪಗಳು. ಚೆನ್ನಾಗಿ ಉಂಡುಟ್ಟು ಆರೋಗ್ಯದಿಂದಿರುವ ಪ್ರಾಯದವನು ಇಂತಹುದನ್ನು ಸೇವಿಸಿದರೆ ಋತುರೋಗಗಳು ಅವನನ್ನು ನಿಜವಾಗಿ ಬಿಟ್ಟು ಹೋಗುವುವೇ ಎಂಬುದೇ ಪ್ರಶ್ನೆ. ಇದಕ್ಕೆ ಉತ್ತರವು ದೊರೆತ ಇತಿಹಾಸವು ದೀರ್ಘವಾದುದು, ಮನೋಜ್ಞವಾದುದು.

೨

ಮೊದಲು ಶಾಸ್ತ್ರವನ್ನು ವಿಚಾರಿಸಬೇಕು. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯದಲ್ಲಿಯೂ ವಾಗ್ಭಟನ ಅಷ್ಟಾಂಗಹೃದಯದ ಮೂರನೆಯ ಅಧ್ಯಾಯದಲ್ಲಿಯೂ ಋತುಚರ್ಯೆಯು ವಿಸ್ತಾರವಾಗಿ ನಿರೂಪಿತವಾಗಿರುವುದು. ಒಂದು ಋತುವಿನ ಕೊನೆಯ ಏಳು ದಿನ, ಮುಂದಿನ ಋತುವಿನ ಮೊದಲ ಏಳು ದಿನ ಸೇರಿ ಋತುಸಂಧಿಯೆನಿಸುವುದು. ಆ ಕಾಲದಲ್ಲಿ ಹಳೆಯ ನಿಯಮವನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲಮೆಲ್ಲನೆ ಹಿಡಿಯಬೇಕೆಂದು ವಾಗ್ಭಟನ ಮತ. ವರ್ಷಾಕಾಲದಲ್ಲಿ ಜಠರಾಗ್ನಿಯು ಮಂದವಾಗುವುದರಿಂದ ಹಳೆಯ ಧಾನ್ಯವನ್ನು ಉಣ್ಣಬೇಕು, ನೀರನ್ನು ಕಾಯಿಸಿ ಕುಡಿಯಬೇಕು, ನದಿಯ ಕದಡಿದ ನೀರನ್ನು ಬಿಡಬೇಕು ಎಂಬುದು ಶಾಸ್ತ್ರಕಾರರ ವಿಧಿ.

ರಸಾಯನಗಳ ವಿಷಯವು ಬೇರೊಂದು ಪ್ರಕರಣದಲ್ಲಿ ಬರುವುದು. ಮುಪ್ಪಿನಿಂದ ಜರ್ಜರನಾದ ಚ್ಯವನ ಮಹರ್ಷಿಯು ಮರಳಿ ಯೌವನವನ್ನು ಪಡೆದ ಕಥೆ ಸರ್ವವಿದಿತವಾದುದು. ಅವನ ಹೆಸರನ್ನು ಹೊತ್ತ ನೆಲ್ಲಿಕಾಯಿಯ ಲೇಹ್ಯವನ್ನು ಚರಕನು ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ವಿವರಿಸಿರುವನು. ಆದರೆ ಅದು ವೃದ್ಧರಿಗೂ, ಕೃಶರಿಗೂ, ಕೆಮ್ಮು ಉಬ್ಬಸಗಳಿಂದ ಬಳಲುವವರಿಗೂ ಮುಖ್ಯವಾಗಿ ಹೇಳಿದುದು. ರಸಾಯನವನ್ನು ಸೇವಿಸುವ ಮೊದಲು ದೇಹಶುದ್ಧಿಯಾಗಬೇಕೆಂಬ ನಿಯಮವೂ ಅಲ್ಲಿಯೇ ಉಂಟು. ಮುಂಜಾನೆ ಒಂದು ಚಮಚ ನೆಕ್ಕಿ ಮಳೆಯಲ್ಲಿ ನೆನೆಯುತ್ತ ಹೋಗುವವನ ಶೀತವನ್ನು ತಡೆಯುವುದಕ್ಕಾಗಿ ಅದು ಹುಟ್ಟಿದುದಲ್ಲ.

ಇನ್ನೂ ಎರಡು ಸ್ಥಳಗಳು ವಿಚಾರಾರ್ಹವಾಗಿವೆ. ಎಲ್ಲ ಶರೀರಗಳೂ ರೋಗವನ್ನು ಸಮನಾಗಿ ತಡೆದುಕೊಳ್ಳಲಾರವೆಂದು ಚರಕನು ಸೂತ್ರಸ್ಥಾನದಲ್ಲಿ ಹೇಳಿ, ಅತಿಸ್ಥೂಲರು, ಅತಿಕೃಶರು, ದುರ್ಬಲರು, ಒಗ್ಗದ ಆಹಾರದಿಂದ ಬೆಳೆದವರು ಇವರನ್ನು ಅಸಮರ್ಥರೆಂದು ಎಣಿಸಿರುವನು. ಇದರಿಂದ ಬಲವು ದಿನದಿನದ ಅನ್ನದಿಂದ ಬರತಕ್ಕುದೆಂದು ಆಯಿತು. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಜನಪದೋದ್ಧ್ವಂಸ, ಎಂದರೆ ನಾಡಿಗೆ ನಾಡೇ ರೋಗಕ್ಕೆ ತುತ್ತಾಗುವ ಸಂಗತಿ, ಚರ್ಚಿತವಾಗಿರುವುದು. ಪ್ರಕೃತಿ, ಆಹಾರ, ಬಲ, ವಯಸ್ಸು ಇವು ಬೇರೆ ಬೇರೆಯಾದ ಜನರು ಏಕಕಾಲದಲ್ಲಿ ಒಂದೇ ರೋಗದಿಂದ ಹೇಗೆ ಸಾಯುವರು ಎಂಬ ಶಿಷ್ಯನ ಪ್ರಶ್ನೆಗೆ ಆಚಾರ್ಯನು ಕೊಟ್ಟ ಉತ್ತರವು ಅದ್ಭುತವಾದುದು. ಗಾಳಿ, ನೀರು, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಾಮಾನ್ಯವಾದುವು. ಅವು ಕೆಟ್ಟಾಗ ಒಬ್ಬೊಬ್ಬನ ಬಲವು ಬೇರೆಬೇರೆಯಾಗಿದ್ದರೂ ರೋಗವು ಒಂದೇ ಆಗುವುದು. ಊರಿನ ಬಾವಿಯು ಕೆಟ್ಟ ಮೇಲೆ ಮನೆಯ ಭರಣಿಯ ಲೇಹ್ಯವು ಎಷ್ಟು ಮಾತ್ರ ಕಾಯಬಲ್ಲುದು ಎಂಬ ವಿಚಾರವು ಈ ಒಂದು ಉತ್ತರದಲ್ಲಿ ಅಡಗಿರುವುದು.

೩

ಶಾಸ್ತ್ರದಿಂದ ಆಚಾರಕ್ಕೆ ಬರುವ. ಆಟಿಯ ಅಮಾವಾಸ್ಯೆಯ ದಿನ ಬೆಳಗು ಹರಿಯುವ ಮೊದಲೇ ಮನೆಯ ಗಂಡಸೊಬ್ಬನು ಗುಡ್ಡೆಗೆ ಹೋಗಿ ಹಾಲೆಯ ಮರದ ತೊಗಟೆಯನ್ನು ತರುವನು. ತುಳುವಿನಲ್ಲಿ ಇದಕ್ಕೆ ಪಾಲೆಯೆಂದೂ ಸಂಸ್ಕೃತದಲ್ಲಿ ಸಪ್ತಪರ್ಣವೆಂದೂ ಹೆಸರು. ಕಬ್ಬಿಣವನ್ನು ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆಯನ್ನು ತೆಗೆಯಬೇಕೆಂಬುದು ಕಟ್ಟಳೆ. ತೊಗಟೆಯನ್ನು ಅರೆದು ರಸ ಹಿಂಡಿ, ಕಾಳುಮೆಣಸು, ಬೆಳ್ಳುಳ್ಳಿ, ಓಮಗಳನ್ನು ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿಯ ಕಲ್ಲನ್ನು ಅದರಲ್ಲಿ ಹಾಕಿ ಒಗ್ಗರಿಸಿದಂತೆ ಮಾಡಿ, ಬರಿಹೊಟ್ಟೆಯಲ್ಲಿ ಮನೆಮಂದಿಯೆಲ್ಲ ಕುಡಿಯುವರು. ಉಷ್ಣದ ಶಮನಕ್ಕಾಗಿ ಮೇಲಿಂದ ಮೆಂತೆಯ ಗಂಜಿ. ಕುಡಿಯುವಾಗ ಮುಖ ಸಿಂಡರಿಸದ ಮಕ್ಕಳಿಲ್ಲ. ಅದರ ಕಹಿಯು ಅಷ್ಟು ದಾರುಣವಾದುದು.

ಈ ಮರದ ಶಾಸ್ತ್ರೀಯ ನಾಮದ ಎರಡನೆಯ ಪದವು 'ಸ್ಕೊಲಾರಿಸ್' ಎಂದು. ಪಾಠಶಾಲೆಗೆ ಸಂಬಂಧಿಸಿದುದು ಎಂದು ಅದರ ಅರ್ಥ. ಇದರ ಹಗುರವಾದ ಹಲಗೆಗಳ ಮೇಲೆ ಹಿಂದೆ ಮಕ್ಕಳು ಅಕ್ಷರಗಳನ್ನು ತಿದ್ದುತ್ತಿದ್ದುದರಿಂದ ಆ ಹೆಸರು ಬಂದಿತು. ಅಕ್ಷರವನ್ನೂ ಆರೋಗ್ಯವನ್ನೂ ಕೊಡುವುದೆಂದು ಒಂದೇ ಮರವು ಹೆಸರು ಪಡೆದುದು ವಿಶೇಷವೇ ಸರಿ. ವಿಷಮಜ್ವರಕ್ಕೆ ಇದು ಮದ್ದೆಂದು ವೈದ್ಯರು ಬಹುಕಾಲದಿಂದ ನಂಬಿದ್ದರು. ಬ್ರಿಟಿಷರ ಕಾಲದ ಔಷಧಕೋಶಗಳೂ ಇದನ್ನು ಸ್ವೀಕರಿಸಿದ್ದುವು. ಮಲೇರಿಯವನ್ನು ಸೊಳ್ಳೆಯು ಹರಡುವುದೆಂದು ರೊನಾಲ್ಡ್ ರಾಸನು ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದನು. ಆಮೇಲೆ ಆ ರೋಗದ ಅಣುಜೀವಿಯ ಮೇಲೆ ಒಂದೊಂದು ಮದ್ದನ್ನೂ ಪರೀಕ್ಷಿಸುವುದು ಸಾಧ್ಯವಾಯಿತು. ಆ ಪರೀಕ್ಷೆಯಲ್ಲಿ ಸಿಂಕೋನ ಮರದ ಕ್ವಿನೀನು ಗೆದ್ದಿತು. ಹಾಲೆಯ ತೊಗಟೆಗೆ ಅಂತಹ ಶಕ್ತಿಯುಂಟೆಂದು ಸಿದ್ಧವಾಗಲಿಲ್ಲ. ಎರಡೂ ಕಹಿಯೇ. ಆದರೆ ಕಹಿಯಾದುದೆಲ್ಲ ಮದ್ದಲ್ಲ.

ಹಾಗಾದರೆ ಕಷಾಯ ಕುಡಿದವರಿಗೆ ಒಳ್ಳೆಯದಾಯಿತೆಂದು ತಲೆತಲಾಂತರದಿಂದ ಹೇಳುತ್ತ ಬಂದುದು ಸುಳ್ಳೇ? ಸುಳ್ಳೆನ್ನಬೇಕಾಗಿಲ್ಲ. ಕರಾವಳಿಯಲ್ಲಿ ಮಳೆಯು ಜುಲೈ ತಿಂಗಳಲ್ಲಿ ತುತ್ತತುದಿಯನ್ನು ಮುಟ್ಟಿ ಆಮೇಲೆ ಇಳಿಯುವುದು. ಆಟಿಯ ಅಮಾವಾಸ್ಯೆಯು ಜುಲೈ ಕೊನೆಗೋ ಆಗಸ್ಟ್ ತಿಂಗಳಿನಲ್ಲಿಯೋ ಬರುವುದು. ಹಾಗಾಗಿ ಕಷಾಯ ಕುಡಿದ ಬೆನ್ನಿಗೇ ಬಿಸಿಲು ಇಣುಕುವುದು, ಸೋಣ ಬರುವುದು, ಹಬ್ಬಗಳು ತೊಡಗುವುವು, ಹೊಸ ತರಕಾರಿ ಕೈಗೆ ಬರುವುದು. ದೇಹವು ಚೇತರಿಸಿಕೊಂಡುದು ನಿಜ. ಅದರ ಕೀರ್ತಿಯಲ್ಲಿ ಋತುವಿನ ಪಾಲೆಷ್ಟು, ತೊಗಟೆಯ ಪಾಲೆಷ್ಟು ಎಂದು ಯಾರೂ ಅಳೆದು ನೋಡಿರಲಿಲ್ಲ. ಅಷ್ಟೆ.

ಈ ಪ್ರಸಂಗದಲ್ಲಿ ಒಂದು ಅಪಾಯವನ್ನು ಮುಚ್ಚಿಡುವುದು ಯುಕ್ತವಲ್ಲ. ಹಾಲೆಯ ಮರವೆಂದು ತಿಳಿದು ಕತ್ತಲೆಯಲ್ಲಿ ಕಾಸರಕದ ತೊಗಟೆಯನ್ನು ತಂದು ಕುಡಿದು ವಿಷವೇರಿದ ಸಂಗತಿಗಳು ಈ ಕರಾವಳಿಯಲ್ಲಿ ಆಗಿವೆ. ಕಾಸರಕವು ಸಂಸ್ಕೃತದ ವಿಷಮುಷ್ಟಿ. ಅದರಲ್ಲಿರುವ ಸ್ಟ್ರಿಕ್ನೀನ್ ಎಂಬ ವಿಷವು ಮೈಯ ಸ್ನಾಯುಗಳನ್ನು ಬಿಲ್ಲಿನಂತೆ ಸೆಳೆದು ಉಸಿರನ್ನು ನಿಲ್ಲಿಸುವುದು. ಹಿಂದಿನವರಿಗೆ ಹಗಲಿರುಳೂ ಗುಡ್ಡೆಯ ಮರಗಳ ಪರಿಚಯವಿತ್ತು. ವರ್ಷಕ್ಕೊಂದು ದಿನ ಮಾತ್ರ ಗುಡ್ಡೆ ಹತ್ತುವ ಇಂದಿನವರಿಗೆ ಆ ಪರಿಚಯವಿಲ್ಲ. ಆರೋಗ್ಯದಿಂದಿರುವವನು ಇನ್ನಷ್ಟು ಆರೋಗ್ಯಕ್ಕಾಗಿ ಕುಡಿದುದು ಪ್ರಾಣಕ್ಕೇ ಎರವಾದರೆ ಅದಕ್ಕಿಂತ ಶೋಚನೀಯವಾದುದು ಯಾವುದು? ಮರವನ್ನು ಚೆನ್ನಾಗಿ ಬಲ್ಲವರು ಹಗಲಿನಲ್ಲಿಯೇ ಗುರುತಿಸಿಟ್ಟ ಹೊರತು ಆ ತೊಗಟೆಯನ್ನು ಯಾರೂ ಬಾಯಿಗಿಡಬಾರದು.

೪

ಆಟಿಯ ಆಚಾರದಲ್ಲಿ ಕಷಾಯವು ಒಂದು ದಿನದ್ದು; ಅಡಿಗೆಯು ತಿಂಗಳಿಡೀ ನಡೆಯುವುದು. ಮಳೆಗೆ ತಾನಾಗಿ ಹುಟ್ಟುವ ತಜಂಕಿನ ಚಿಗುರು, ಕೆಸುವಿನೆಲೆಯ ಪತ್ರೊಡೆ, ಕಣಿಲೆ, ತಿಮರೆಯ ಚಟ್ನಿ, ಬೇಸಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆ, ಮಣ್ಣು ಮೆತ್ತಿ ಕಾಪಿಟ್ಟ ಹಲಸಿನ ಬೀಜ ಇವೇ ಬಡವರ ಪರಮಾನ್ನವಾಗಿದ್ದುವು. ಇದೇ ಕಾಲಕ್ಕೆ ಉಡುಪಿಯ ಮಠಗಳಲ್ಲಿ ಚಾತುರ್ಮಾಸ್ಯವು ತೊಡಗಿ, ಮೊದಲ ತಿಂಗಳು ಶಾಕವ್ರತವಾದುದರಿಂದ ಕಾಯಿಪಲ್ಯ ಹಣ್ಣುಗಳು ನಿಷಿದ್ಧವಾಗುವುವು. ಬಳಿಕ ಮೊಸರು, ಹಾಲು, ದ್ವಿದಳಧಾನ್ಯ ಎಂದು ತಿಂಗಳಿಗೊಂದರಂತೆ ವರ್ಜ್ಯಗಳು. ವೀರಪಾಂಡ್ಯ ಭೈರರಸನು ೧೪೩೨ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದಲ್ಲಿ ವ್ರತನಿಷ್ಠರಾದ ಜೈನರು ಮಳೆಗಾಲದಲ್ಲಿ ಕ್ರಿಮಿಹಿಂಸೆಯಾದೀತೆಂದು ಸೊಪ್ಪನ್ನು ಬಿಟ್ಟು, ನೀರನ್ನು ಸೋಸಿ ಕಾಯಿಸಿ ಕುಡಿಯುವರು. ಒಂದೇ ಮಳೆಯ ಕೆಳಗೆ ಮೂರು ಬಗೆಯ ಆಹಾರನಿಯಮ. ಒಬ್ಬರು ಅರಸಿ ತಿನ್ನುವ ಎಲೆಯನ್ನು ಮತ್ತೊಬ್ಬರು ತ್ಯಜಿಸುವರು. ಆದುದರಿಂದ ಆರೋಗ್ಯದ ಗುಟ್ಟು ಯಾವುದೋ ಒಂದು ಎಲೆಯಲ್ಲಿ ಮಾತ್ರ ಅಡಗಿದೆಯೆಂದು ಸಾಧಿಸುವುದು ಕಷ್ಟ.

ಆದರೂ ಆಹಾರದ ಕೊರತೆಯಿಂದ ರೋಗ ಬರುವುದೆಂಬುದು ಪರಮಸತ್ಯ. ಇದರ ಮೊದಲ ಸಾಕ್ಷ್ಯವು ಕಡಲಿನಲ್ಲಿ ದೊರೆಯಿತು. ೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಸ್ಕರ್ವಿ ರೋಗದಿಂದ ವಸಡು ಕೊಳೆತು ಮಲಗಿದ್ದ ೧೨ ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಪಥ್ಯವನ್ನು ಕೊಟ್ಟನು. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗನೆ ಎದ್ದು ನಿಂತರು. ಪೋಲೆಂಡಿನ ಕಾಸಿಮಿರ್ ಫಂಕನು ೧೯೧೨ರಲ್ಲಿ ಇಂತಹ ಸೂಕ್ಷ್ಮವಸ್ತುಗಳಿಗೆ 'ವಿಟಮಿನ್' ಎಂಬ ಹೆಸರನ್ನು ಹುಟ್ಟಿಸಿದನು. ಕನ್ನಡದಲ್ಲಿ ಜೀವಸತ್ವವೆನ್ನುವುದು ಇದನ್ನೇ. ನಿಂಬೆಯ ಆ ಸತ್ವವನ್ನು ಬೇರ್ಪಡಿಸಿ ತೋರಿಸಿದ ಹಂಗೆರಿಯ ಸೆಂಟ್ ಗ್ಯೋರ್ಗಿಗೆ ೧೯೩೭ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ನಮ್ಮ ನೆಲ್ಲಿಕಾಯಿಯಲ್ಲಿ ಅದೇ ಸತ್ವವು ಕಿತ್ತಳೆಯನ್ನು ಮೀರಿಸುವಷ್ಟಿದೆಯೆಂದು ಬಳಿಕ ತಿಳಿದುಬಂದಿತು. ಆದರೆ ಬಹಳ ಹೊತ್ತು ಕುದಿಸಿ ಪಾಕ ಮಾಡಿದ ಲೇಹ್ಯದಲ್ಲಿ ಅದು ಕಡಿಮೆಯಾಗುವುದೆಂಬುದನ್ನೂ ಮರೆಯಬಾರದು.

ದಕ್ಷಿಣ ಹಿಂದೂಸ್ಥಾನದಲ್ಲಿಯೂ ಈ ವಿಚಾರವು ನಡೆಯಿತು. ನೀಲಗಿರಿಯ ಕೂನೂರಿನಲ್ಲಿ ೧೯೧೮ರಲ್ಲಿ ರಾಬರ್ಟ್ ಮೆಕ್ಯಾರಿಸನ್ ತೊಡಗಿದ ಬೆರಿಬೆರಿ ರೋಗದ ವಿಚಾರಣೆಯು ಕಾಲಕ್ರಮದಲ್ಲಿ ಆಹಾರ ಸಂಶೋಧನಾಲಯವಾಗಿ ಬೆಳೆದು ೧೯೫೮ರಲ್ಲಿ ಹೈದರಾಬಾದಿಗೆ ಸಾಗಿತು. ಹಿಂದೂಸ್ಥಾನದ ಬೇರೆ ಬೇರೆ ಪ್ರಾಂತಗಳ ಆಹಾರವನ್ನು ಇಲಿಗಳಿಗೆ ಉಣಿಸಿ ಅವನು ಪರೀಕ್ಷಿಸಿದನು. ಗೋದಿ, ಹಾಲು, ಬೇಳೆ, ಸೊಪ್ಪು ತಿಂದ ಇಲಿಗಳು ಪುಷ್ಟವಾಗಿ ಬೆಳೆದುವು. ತೊಳೆದ ಬಿಳಿಯಕ್ಕಿಯನ್ನೇ ನಂಬಿದವು ಸೊರಗಿ ಶ್ವಾಸಕೋಶದ ರೋಗಕ್ಕೂ ತುತ್ತಾದುವು. ಯಂತ್ರದಲ್ಲಿ ನಯಮಾಡಿದ ಬೆಳ್ತಿಗೆ ಅಕ್ಕಿಯನ್ನು ಉಣ್ಣುವ ಆಂಧ್ರದ ಕರಾವಳಿಯಲ್ಲಿ ಬೆರಿಬೆರಿ ಹೆಚ್ಚಾಗಿತ್ತು. ಕುಚ್ಚಲಕ್ಕಿಯನ್ನು ಉಣ್ಣುವ ನಾಡುಗಳಲ್ಲಿ ಅದು ವಿರಳವಾಗಿತ್ತು. ಭತ್ತವನ್ನು ಬೇಯಿಸಿ ಒಣಗಿಸುವಾಗ ತವುಡಿನ ಸತ್ವವು ಕಾಳಿನ ಒಳಕ್ಕೆ ಇಳಿದು ಉಳಿಯುವುದೇ ಇದಕ್ಕೆ ಕಾರಣ. ಉಡುಪಿ ಸೀಮೆಯ ಬಡವನು ಮೂರು ಹೊತ್ತೂ ಕುಡಿಯುತ್ತಿದ್ದ ಕುಚ್ಚಲಕ್ಕಿಯ ಗಂಜಿಯು ಅವನಿಗೆ ಅರಿವಿಲ್ಲದೆಯೇ ಪುಷ್ಟಿದ್ರವ್ಯವಾಗಿದ್ದಿತು.

ಎರಡನೆಯ ಮಹಾಯುದ್ಧದಲ್ಲಿ ಯುರೋಪಿನಿಂದ ಕಾಡ್ ಮೀನಿನೆಣ್ಣೆಯು ಬರುವುದು ನಿಂತುಹೋಯಿತು. ಆಗ ಮದರಾಸು ಸರಕಾರವು ಪಡುವಣ ಕರಾವಳಿಯ ಕಲ್ಲಿಕೋಟೆಯಲ್ಲಿ ಶಾರ್ಕ್ ಮೀನಿನ ಪಿತ್ತಕೋಶದ ನೆರೆಯ ಯಕೃತ್ತಿನಿಂದ ಎಣ್ಣೆ ತೆಗೆಯಿಸಿತು. ದಕ್ಷಿಣ ಕನ್ನಡವೂ ಆಗ ಅದೇ ಪ್ರಾಂತಕ್ಕೆ ಸೇರಿತ್ತು. ಇರುಳುಗುರುಡಿನ ಮಕ್ಕಳಿಗೆ ಅದು ಕಣ್ಣನ್ನೇ ಕೊಟ್ಟಿತೆಂದರೆ ಅತಿಶಯೋಕ್ತಿಯಲ್ಲ. ೧೯೭೦ರಲ್ಲಿ ಭಾರತ ಸರಕಾರವು ಎಳೆಯ ಮಕ್ಕಳಿಗೆ 'ಎ' ಜೀವಸತ್ವವನ್ನು ಹಾಕಿಸುವ ಯೋಜನೆಯನ್ನು ಆರಂಭಿಸಿದುದೂ ಈ ತಿಳಿವಳಿಕೆಯ ಫಲವೇ. ಕೊರತೆಯಿದ್ದಲ್ಲಿ ಪೂರಣವು ಅಮೃತ. ಇದರಲ್ಲಿ ಸಂದೇಹವಿಲ್ಲ.

೫

ಕೊರತೆಯವನಿಗೆ ಅಮೃತವಾದುದು ಕೊರತೆಯಿಲ್ಲದವನಿಗೂ ಅಮೃತವಾಗುವುದೆಂಬ ತರ್ಕವು ಇಲ್ಲಿಂದ ಮುಂದೆ ಹುಟ್ಟಿತು. ಬತ್ತಿದ ಬಾವಿಗೆ ಮಳೆ ಬೇಕು; ತುಂಬಿ ತುಳುಕುವ ಬಾವಿಗೆ ಮಳೆ ಸುರಿದರೆ ಹೊರಗೆ ಹರಿಯುವುದಲ್ಲದೆ ಬಾವಿಯು ಆಳವಾಗದು. ಈ ಸಾಮಾನ್ಯ ವಿವೇಕವನ್ನು ದೊಡ್ಡ ವಿದ್ವಾಂಸರೂ ಕೆಲವೊಮ್ಮೆ ಮರೆತರು. ಎರಡು ನೊಬೆಲ್ ಪಾರಿತೋಷಕಗಳನ್ನು ಪಡೆದ ಅಮೇರಿಕದ ಲೈನಸ್ ಪಾಲಿಂಗನು ೧೯೭೦ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, 'ಸಿ' ಜೀವಸತ್ವವನ್ನು ಹೆಚ್ಚು ಪ್ರಮಾಣದಲ್ಲಿ ತಿಂದರೆ ನೆಗಡಿಯನ್ನು ದೂರವಿಡಬಹುದೆಂದು ಸಾರಿದನು. ಲಕ್ಷಾಂತರ ಜನರು ಗುಳಿಗೆಗಳಿಗಾಗಿ ಅಂಗಡಿಗಳಿಗೆ ಧಾವಿಸಿದರು.

ಇಂತಹ ಮಾತುಗಳನ್ನು ಪರೀಕ್ಷಿಸುವ ಬಗೆ ಹೇಗೆ? ಅಮೇರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ನಡೆದು ೧೯೩೮ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಇದಕ್ಕೆ ಕನ್ನಡಿ ಹಿಡಿದಂತಿದೆ. ತಮಗೆ ನೆಗಡಿಯು ಪದೇಪದೇ ಬರುವುದೆಂದು ದೂರುತ್ತಿದ್ದ ವಿದ್ಯಾರ್ಥಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಅಂದು ಪ್ರಚಾರದಲ್ಲಿದ್ದ ನೆಗಡಿಯ ಮದ್ದನ್ನೂ ಇನ್ನೊಂದಕ್ಕೆ ಸತ್ವವಿಲ್ಲದ ಹುಸಿಮದ್ದನ್ನೂ ಕೊಟ್ಟರು. ತಮಗೆ ಸಿಕ್ಕಿದುದು ಯಾವುದೆಂದು ಅವರಿಗೆ ತಿಳಿಯದು. ಮದ್ದು ಪಡೆದವರಿಗೆ ವರ್ಷಕ್ಕೆ ಸರಾಸರಿ ೫.೯ ಸಲ ಬರುತ್ತಿದ್ದ ನೆಗಡಿಯು ೧.೬ಕ್ಕೆ ಇಳಿಯಿತು. ಇದೊಂದನ್ನೇ ಕೇಳಿದರೆ ಯಾರಾದರೂ ಮದ್ದಿಗೆ ಜಯಕಾರ ಮಾಡದಿರರು. ಆದರೆ ಹುಸಿಮದ್ದು ಪಡೆದವರಲ್ಲಿಯೂ ಅದು ೫.೬ರಿಂದ ೨.೧ಕ್ಕೆ ಇಳಿದಿತ್ತು! ಕಳೆದ ವರ್ಷದ ನೆಗಡಿಯನ್ನು ನೆನಪಿನಿಂದ ಎಣಿಸುವಾಗ ಮನುಷ್ಯನು ಹೆಚ್ಚು ಮಾಡಿ ಹೇಳುವನು. ಅತಿ ಕೆಟ್ಟ ವರ್ಷವಾದ ಮೇಲೆಯೇ ಮದ್ದನ್ನು ಹುಡುಕಿಕೊಂಡು ಬರುವನು. ಮುಂದಿನ ವರ್ಷವು ತಾನಾಗಿಯೇ ಸಾಧಾರಣವಾಗುವುದು. ಹಾಲೆಯ ಕಷಾಯದ ಬೆನ್ನಿಗೆ ಸೋಣದ ಬಿಸಿಲು ಬಂದಂತೆಯೇ ಇದು.

'ಸಿ' ಜೀವಸತ್ವದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿದ ಸಮೀಕ್ಷೆಯೊಂದು ೨೦೧೩ರಲ್ಲಿ ಪ್ರಕಟವಾಯಿತು. ಅದರಲ್ಲಿ ೨೯ ಪರೀಕ್ಷೆಗಳು, ೧೧,೩೦೬ ಜನ. ದಿನಕ್ಕೆ ೨೦೦ ಮಿಲಿಗ್ರಾಂ ಅಥವಾ ಹೆಚ್ಚನ್ನು ಪ್ರತಿದಿನವೂ ತಿಂದ ಸಾಮಾನ್ಯ ಜನರಿಗೆ ನೆಗಡಿಯು ಬರುವುದು ತಪ್ಪಲಿಲ್ಲ. ಬಂದ ನೆಗಡಿಯು ಪ್ರಾಯದವರಲ್ಲಿ ಶೇಕಡಾ ೮ರಷ್ಟು ಬೇಗ ಬಿಟ್ಟಿತು. ಹತ್ತು ದಿನದ ನೆಗಡಿಯಲ್ಲಿ ಇದು ಒಂದು ದಿನಕ್ಕೂ ಕಡಿಮೆ. ನೆಗಡಿ ಹಿಡಿದ ಮೇಲೆ ತೊಡಗಿದವರಿಗೆ ನೆಚ್ಚತಕ್ಕ ಪ್ರಯೋಜನವು ಕಾಣಲಿಲ್ಲ. ದೂರದ ಓಟಗಾರರು, ಹಿಮದಲ್ಲಿ ದಂಡಿಸಿಕೊಳ್ಳುವ ಸೈನಿಕರು ಮೊದಲಾದ ೫೯೮ ಮಂದಿಯಲ್ಲಿ ಮಾತ್ರ ನೆಗಡಿಯು ಸುಮಾರು ಅರ್ಧಕ್ಕಿಳಿಯಿತು. ನಮ್ಮ ದೇಶದ ತಜ್ಞರು ೨೦೨೦ರಲ್ಲಿ ಪ್ರಾಯದ ಗಂಡಸಿಗೆ ದಿನಕ್ಕೆ ೮೦, ಹೆಂಗಸಿಗೆ ೬೫ ಮಿಲಿಗ್ರಾಂ ಸಾಕೆಂದು ನಿರ್ಣಯಿಸಿರುವರು. ನೆಲ್ಲಿ, ಪೇರಳೆ, ನಿಂಬೆಗಳಿರುವ ನಾಡಿನಲ್ಲಿ ಅಷ್ಟನ್ನು ಊಟದಿಂದಲೇ ಪಡೆಯುವುದು ದುಸ್ಸಾಧ್ಯವಲ್ಲ.

ಬಿಸಿಲಿನಿಂದ ಮೈಯಲ್ಲಿ ಹುಟ್ಟುವ 'ಡಿ' ಜೀವಸತ್ವದ ಕಥೆಯೂ ಹೀಗೆಯೇ. ಸುಮಾರು ೧೧,೦೦೦ ಜನರ ೨೫ ಪರೀಕ್ಷೆಗಳನ್ನು ಕೂಡಿಸಿ ೨೦೧೭ರಲ್ಲಿ ನೋಡಿದಾಗ ಶ್ವಾಸರೋಗಗಳಿಂದ ಸ್ವಲ್ಪ ರಕ್ಷಣೆ ಕಂಡಿತು. ಅದೂ ತೀವ್ರ ಕೊರತೆಯುಳ್ಳವರಲ್ಲಿ ಹೆಚ್ಚಾಗಿ. ಆಮೇಲೆ ಹೊಸ ಪರೀಕ್ಷೆಗಳು ಸೇರುತ್ತ ಹೋದಂತೆ ಲಾಭವು ಕ್ಷೀಣಿಸಿ, ೨೦೨೫ರ ಗಣನೆಯಲ್ಲಿ ಖಂಡಿತವೆನ್ನಲಾರದಷ್ಟು ಅಲ್ಪವಾಯಿತು. ನಾರ್ವೆ ದೇಶದಲ್ಲಿ ೨೦೨೦-೨೧ರ ಚಳಿಗಾಲದಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಪ್ರಾಯದವರಿಗೆ ಕಾಡ್ ಮೀನಿನೆಣ್ಣೆಯನ್ನೋ ಬರಿಯ ಜೋಳದೆಣ್ಣೆಯನ್ನೋ ಪ್ರತಿದಿನವೂ ಕುಡಿಸಿ ನೋಡಿದರು. ಶ್ವಾಸರೋಗಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಸತುವಿನ ಗುಳಿಗೆಯು ನೆಗಡಿಯ ದಿನಗಳನ್ನು ಕೊಂಚ ಕಡಿಮೆ ಮಾಡಬಹುದಾದರೂ ನೆಗಡಿಯನ್ನು ತಡೆಯುವುದೆಂದು ಸಿದ್ಧವಾಗಿಲ್ಲ. ಬಹುಕಾಲ ಅತಿಯಾಗಿ ತಿಂದರೆ ಅದು ತಾಮ್ರವನ್ನು ಮೈಗೆ ಹತ್ತದಂತೆ ಮಾಡುವುದು.

೬

೨೦೨೦ರ ಕೊರೋನ ಮಹಾಮಾರಿಯು ಈ ಹಳೆಯ ಆಸೆಯನ್ನು ಮನೆಮನೆಯಲ್ಲಿಯೂ ಹೊತ್ತಿಸಿತು. ತುಲಸಿ, ದಾಲ್ಚಿನ್ನಿ, ಶುಂಠಿ, ಮೆಣಸುಗಳ ಕಷಾಯವನ್ನೂ ಚ್ಯವನಪ್ರಾಶವನ್ನೂ ಅರಸಿನದ ಹಾಲನ್ನೂ ಕೇಂದ್ರದ ಆಯುಷ್ ಸಚಿವಾಲಯವು ಸೂಚಿಸಿತು. ಬಿಸಿಯ ಕಷಾಯವು ಗಂಟಲಿಗೆ ಹಿತ, ಮಿತವಾಗಿದ್ದರೆ ಬಾಧಕವಿಲ್ಲ. ಆದರೆ ಭಯವು ಮಿತವನ್ನು ಅರಿಯದು. ತಿಂಗಳುಗಟ್ಟಲೆ ಅಮೃತಬಳ್ಳಿಯನ್ನು ಕುದಿಸಿ ಕುಡಿದ ಆರು ಮಂದಿಯ ಯಕೃತ್ತಿಗೆ ಊನವಾದುದನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ಪ್ರಕಟಿಸಿದರು. ದೋಷವು ಅಮೃತಬಳ್ಳಿಯದೆಂಬುದನ್ನು ಆಯುಷ್ ಸಚಿವಾಲಯವು ಒಪ್ಪಲಿಲ್ಲ. ವಾದವು ಹೇಗೆಯೇ ಇರಲಿ, ಹಿರಿಯರ ಕಷಾಯವು ವರ್ಷಕ್ಕೊಂದು ದಿನದ್ದಾಗಿತ್ತೆಂಬುದನ್ನು ನೆನೆಯುವುದು ಒಳ್ಳೆಯದು. ಅವರಿಗೆ ಅಳತೆಯು ತಿಳಿದಿತ್ತು.

ಈ ಸೀಮೆಯಲ್ಲಿ ಎರಡು ವೈದ್ಯವಿದ್ಯೆಗಳೂ ಅಕ್ಕಪಕ್ಕದಲ್ಲಿ ನೆಲೆಸಿರುವುದು ಭಾಗ್ಯವೇ ಸರಿ. ಮುರಕಲ್ಲಿನ ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಉಡುಪಿಯ ಸಮೀಪದ ಕುತ್ಪಾಡಿಯಲ್ಲಿ ೧೯೫೮ರಲ್ಲಿ ಆಯುರ್ವೇದದ ಕಾಲೇಜು ಆರಂಭವಾಯಿತು. ೨೦೧೮ರ ಮೇ ತಿಂಗಳಲ್ಲಿ ಕೇರಳದ ಕಲ್ಲಿಕೋಟೆಯ ಕಡೆ ಹುಟ್ಟಿದ ನಿಗೂಢಜ್ವರವು ನಿಪಾ ವೈರಾಣುವಿನದೆಂದು ಮೊದಲು ಗುರುತಿಸಿದುದು ಮಣಿಪಾಲದ ಪ್ರಯೋಗಶಾಲೆಯೇ. ಜ್ವರವೆಂಬ ಒಂದೇ ಹೆಸರಿನ ಹಿಂದೆ ಎಷ್ಟು ಬೇರೆ ಬೇರೆ ಶತ್ರುಗಳು ಅಡಗಿರುವುವೆಂಬುದನ್ನು ಇಂತಹ ಸಂಶೋಧನೆಗಳು ತೋರಿಸಿಕೊಟ್ಟಿವೆ. ಮಳೆಗಾಲದ ಇಲಿಜ್ವರವು ಇಲಿಯ ಮೂತ್ರ ಬೆರೆತ ಗದ್ದೆಯ ನೀರಿನಿಂದ ಕಾಲಿನ ಗಾಯದ ಮೂಲಕ ಒಳಹೊಗುವುದು. ಡೆಂಗಿಯನ್ನೂ ಮಲೇರಿಯವನ್ನೂ ಸೊಳ್ಳೆಯು ತರುವುದು. ವಿಷಮಶೀತಜ್ವರವೂ ಕಾಮಾಲೆಯ ಒಂದು ಬಗೆಯೂ ಕೆಟ್ಟ ನೀರು ಆಹಾರಗಳಿಂದ ಹರಡುವುವು. ಇನ್‌ಫ್ಲುಯೆಂಜವು ಉಸಿರಿನ ಹನಿಗಳಲ್ಲಿ ಬರುವುದು. ಇವುಗಳ ದಾರಿಗಳೇ ಬೇರೆಬೇರೆಯಾಗಿರುವಾಗ ಎಲ್ಲವನ್ನೂ ಒಂದೇ ಗುಳಿಗೆಯು ತಡೆಯುವುದೆಂದು ನಂಬುವುದು ಹೇಗೆ? ಬೂಟು, ಸೊಳ್ಳೆಪರದೆ, ಕಾಯಿಸಿದ ನೀರು, ತೊಳೆದ ಕೈ, ವರ್ಷಕ್ಕೊಮ್ಮೆ ಹೊಸದಾಗಿ ಸಿದ್ಧವಾಗುವ ಇನ್‌ಫ್ಲುಯೆಂಜದ ಚುಚ್ಚುಮದ್ದು ಇವು ಒಂದೊಂದು ದಾರಿಗೆ ಒಂದೊಂದು ತಡೆ.

ಮಾರಿಯೆಂದರೆ ಹಿಂದೆ ಜನರ ಮನಸ್ಸಿನಲ್ಲಿ ಮುಖ್ಯವಾಗಿ ಸಿಡುಬು ಮೂಡುತ್ತಿತ್ತು. ಭಾರತದಲ್ಲಿ ಅದರ ಕೊನೆಯ ರೋಗಿಯು ಕಂಡುಬಂದುದು ೧೯೭೫ರಲ್ಲಿ. ೧೯೮೦ರಲ್ಲಿ ಅದು ಲೋಕದಿಂದಲೇ ತೊಲಗಿತೆಂದು ಸಾರಲಾಯಿತು. ಯಾವ ಲೇಹ್ಯವೂ ಅದನ್ನು ಗೆದ್ದುದಿಲ್ಲ. ದಾಕು ಹಾಕುವವರು ಹಳ್ಳಿಹಳ್ಳಿ ತಿರುಗಿ ಗೆದ್ದರು. ಕಾಪುವಿನ ತಾಯಿಗೆ ಇಂದಿಗೂ ಮೂರು ಕಾಲದ ಪೂಜೆಯು ಸಲ್ಲುತ್ತಿದೆ. ಋತುವು ಹೊರಳುವಾಗ ಎಚ್ಚರದಿಂದಿರಬೇಕೆಂಬ ನೆನಪನ್ನು ಆ ಪೂಜೆಯು ವರ್ಷಕ್ಕೆ ಮೂರು ಬಾರಿ ಊರಿಗೆ ಕೊಡುತ್ತಿದೆಯೆಂದು ತಿಳಿದರೆ ಭಕ್ತಿಗೂ ವಿವೇಕಕ್ಕೂ ವಿರೋಧವೆಲ್ಲಿ?

ಗರ್ಭಿಣಿಯರಿಗೆ ಕಬ್ಬಿಣದ ಸತ್ವ, ಹಾಲುಮೊಸರನ್ನು ಕೂಡ ಹೆಚ್ಚು ಬಳಸದ ಶಾಕಾಹಾರಿಗಳಿಗೆ 'ಬಿ೧೨' ಜೀವಸತ್ವ, ಮನೆಯಿಂದ ಹೊರಬರಲಾರದ ವೃದ್ಧರಿಗೆ 'ಡಿ' ಜೀವಸತ್ವ ಇವು ಬೇಕಾಗಬಹುದು. ಅವರು ವೈದ್ಯರನ್ನು ಕೇಳಿ ಸೇವಿಸತಕ್ಕುದು. ಉಳಿದ ಆರೋಗ್ಯವಂತರು ಗುಳಿಗೆಯ ಹಣವನ್ನು ಹಣ್ಣುಸೊಪ್ಪುಗಳಿಗೆ ವೆಚ್ಚ ಮಾಡಿದರೆ ನಷ್ಟಪಡುವುದಿಲ್ಲ. ಅದರಲ್ಲಿಯೂ ಕೂಲಿಯ ದುಡ್ಡಿನಿಂದ ಅಕ್ಕಿಬೇಳೆಗಳನ್ನು ಕಡಿತ ಮಾಡಿ ಬಣ್ಣದ ಶೀಶೆಯನ್ನು ಕೊಳ್ಳುವ ಸಂಸಾರಗಳಿಗೆ ಈ ಮಾತನ್ನು ಯಾರಾದರೂ ತಿಳಿಯಹೇಳಬೇಕಾಗಿದೆ. ಬಲವನ್ನು ಕೊಡುವ ಅನ್ನವನ್ನು ಬಿಟ್ಟು ಬಲದ ಹೆಸರನ್ನು ಕೊಂಡಂತಾಗುವುದು ಅದು.

ಚರಕನು ವರ್ಷಾಕಾಲಕ್ಕೆ ವಿಧಿಸಿದುದು ಕಾಯಿಸಿದ ನೀರು. ಕಾರ್ಕಳದ ಜೈನರು ಅಹಿಂಸೆಗಾಗಿ ಪಾಲಿಸಿದುದು ಅದೇ ಕಾಯಿಸಿದ ನೀರು. ಇಂದಿನ ವೈದ್ಯನು ಮೊದಲು ಕೇಳುವುದೂ ಅದನ್ನೇ. ಮೂರು ದಾರಿಗಳಿಂದ ಬಂದವರು ಒಂದೇ ಒಲೆಯ ಬಳಿ ಕೂಡಿದಂತಾಯಿತು. ಆಟಿಯ ಮಳೆಯು ಮುಂದೆಯೂ ಸುರಿಯುವುದು, ಕಳೆಂಜನು ಬರುವನು, ಪತ್ರೊಡೆಯು ಬೇಯುವುದು. ಅದರ ಪಕ್ಕದಲ್ಲಿ ಒಂದು ಹಂಡೆ ನೀರೂ ದಿನಾಲು ಚೆನ್ನಾಗಿ ಕುದಿಯುತ್ತಿದ್ದರೆ ಮನೆಯ ಆರೋಗ್ಯಕ್ಕೆ ಅದೇ ಮುಖ್ಯವಾದ ರಸಾಯನ.